ಕಲ್ಲು ಓದಿದ ಊರಿಗೆ ನಮಸ್ಕಾರ

ಏಪ್ರಿಲ್ 18, ವಿಶ್ವ ಪರಂಪರೆ ದಿನ. ನಮ್ಮ ಶಾಸನ ಓದುವ ಕೂಟಕ್ಕೆ ಅವತ್ತಿಗೆ ಒಂದು ವರ್ಷ ತುಂಬಿತು. ಕೆರೆ ಏರಿಯ ಪಕ್ಕದಲ್ಲಿ ಮಗುಚಿ ಬಿದ್ದಿದ್ದ ವೀರಗಲ್ಲು, ಅಂದರೆ ಹೋರಾಡಿ ಸತ್ತವನ ನೆನಪಿಗೆ ನೆಟ್ಟ ಕಲ್ಲು, ಅದೇ ಜಾಗದಲ್ಲಿ ನೆಟ್ಟಗೆ ನಿಂತಿತು. ಸಂಜೆ ಸಭೆಯಲ್ಲಿ ಎಲ್ಲರಿಗೂ ಥ್ಯಾಂಕ್ಸ್ ಹೇಳಬೇಕು ಅಂದುಕೊಂಡಿದ್ದೆ. ಮಳೆ ಬಂತು, ಸಭೆ ಬೇಗ ಮುಗಿಯಿತು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹಾಕುತ್ತಿಲ್ಲ, ತುಂಬ ಜನ ಬೇಡ ಅಂದರು. ಆದರೆ ಯಾರು ಏನು ಮಾಡಿದರು ಅನ್ನುವುದು ಎಲ್ಲರಿಗೂ ಗೊತ್ತಾಗಬೇಕು.

ಮೊದಲ ನಮಸ್ಕಾರ, ಈ ಕಲ್ಲುಗಳನ್ನು ಇಷ್ಟು ಕಾಲ ಜೊತೆಯಲ್ಲಿ ಇಟ್ಟುಕೊಂಡ ಮನೆಗಳಿಗೆ. ಒಂದು ಕಲ್ಲು ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಾಗಿತ್ತು. ಇನ್ನೊಂದು ಕಾಲುವೆ ದಾಟುವ ಹಾಸುಗಲ್ಲು. ಇದನ್ನು ಕೇಳಿ ಹೊರಗಿನವರು ಕೆಲವರು ಬೇಜಾರು ಮಾಡಿಕೊಂಡರು. ನನಗೆ ಹಾಗೆ ಅನ್ನಿಸಲಿಲ್ಲ. ಒಗೆಯುವ ಕಲ್ಲನ್ನು ಎತ್ತಿ ನೋಡಿದಾಗ ಅಕ್ಷರಗಳು ಅಡಿಯಲ್ಲಿದ್ದವು, ಒಂದು ಸಾಲೂ ಸವೆದಿರಲಿಲ್ಲ. ಆ ಮನೆಯ ಅಜ್ಜಿ ಹೇಳಿದ್ದು ಇಷ್ಟೇ: ‘ಅಕ್ಷರದ ಮೇಲೆ ಕೊಳೆ ನೀರು ಬೀಳಬಾರದು ಅಂತ ನಮ್ಮತ್ತೆನೇ ಮಗುಚಿ ಹಾಕಿಸಿದ್ರು.’ ಅವರ ಅತ್ತೆಗೆ ಓದು ಬರಹ ಬರುತ್ತಿರಲಿಲ್ಲವಂತೆ. ಆ ತಾಯಿಗೆ ನಾವು ಎಷ್ಟು ಋಣಿಗಳು ಅಂತ ಹೇಳಲಿ?

ಮೂರನೆಯ ಕಲ್ಲಿಗೆ ಪೂಜೆ ನಡೆಯುತ್ತಿತ್ತು, ಈಗಲೂ ನಡೆಯುತ್ತದೆ. ತಲೆಮಾರುಗಳಿಂದ ಹಚ್ಚಿದ ಎಣ್ಣೆ, ಕುಂಕುಮ, ಅರಿಶಿನ ಗಟ್ಟಿಯಾಗಿ ಅಕ್ಷರದ ಗುಂಡಿಗಳೆಲ್ಲ ಮುಚ್ಚಿಹೋಗಿದ್ದವು. ಅದನ್ನು ತೊಳೆಯದೆ ಓದುವುದು ಸಾಧ್ಯವಿರಲಿಲ್ಲ. ಪೂಜೆ ಮಾಡುವ ಮನೆಯವರು ಒಪ್ಪಲಿಲ್ಲ. ಅವರು ಹೇಳಿದ್ದರಲ್ಲಿ ನ್ಯಾಯವಿತ್ತು. ನಮಗೆ ಅದು ಶಾಸನ, ಅವರಿಗೆ ಅದು ಮನೆದೇವರು. ಯಾರೋ ಬಂದು ದೇವರಿಗೆ ಬ್ರಷ್ ಹಾಕಿ ಉಜ್ಜುತ್ತೇವೆ ಅಂದರೆ ಯಾರು ತಾನೆ ಸುಮ್ನೆ ಇರುತ್ತಾರೆ? ನಾವು ಒತ್ತಾಯ ಮಾಡಲಿಲ್ಲ. ಹೋದಾಗೆಲ್ಲ ಕೂತು ಮಾತಾಡಿ ಬರುತ್ತಿದ್ದೆವು. ಒಂದು ದಿನ ಮನೆಯ ಹಿರಿಯರೇ ಫೋನ್ ಮಾಡಿದರು. ವರ್ಷದ ಪೂಜೆಗೆ ಮುಂಚೆ ಹೇಗೂ ದೇವರಿಗೆ ಮಜ್ಜನ ಮಾಡಿಸುತ್ತೇವೆ, ಅವತ್ತು ಬನ್ನಿ ಅಂದರು. ಬಿಸಿನೀರು, ಸೀಗೆಪುಡಿ ಹಾಕಿ ಅವರ ಕೈಯಾರೆ ತೊಳೆದರು. ತೊಳೆಯುವಾಗ ನಾವು ಯಾರೂ ಕಲ್ಲು ಮುಟ್ಟಲಿಲ್ಲ.

ಆಮೇಲೆ ಪಡಿಯಚ್ಚು ತೆಗೆದೆವು. ನೋಡದವರಿಗಾಗಿ ಹೇಳುತ್ತೇನೆ. ನೀರಲ್ಲಿ ಅದ್ದಿದ ಕಾಗದವನ್ನು ಕಲ್ಲಿನ ಮೇಲೆ ಹಾಸುತ್ತಾರೆ. ಬಿರುಸಾದ ಬ್ರಷ್‌ನಿಂದ ತಟ್ಟಿದರೆ ಕಾಗದ ಅಕ್ಷರದ ಒಳಕ್ಕೆ ಇಳಿಯುತ್ತದೆ. ಸ್ವಲ್ಪ ಆರಿದ ಮೇಲೆ ಮಸಿ ಹಚ್ಚಿದ ಬಟ್ಟೆಯ ಉಂಡೆಯಿಂದ ಮೆಲ್ಲಗೆ ಒತ್ತುತ್ತಾ ಹೋಗಬೇಕು. ಮೇಲಿನ ಭಾಗ ಕಪ್ಪಾಗುತ್ತದೆ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಕಾಗದ ಬಿಡಿಸಿ ಎತ್ತಿದಾಗ ಮನೆಯವರೆಲ್ಲ ಸುತ್ತ ನಿಂತಿದ್ದರು. ನಮ್ಮ ನಿವೃತ್ತ ಮೇಷ್ಟ್ರು ಬೆರಳಿಟ್ಟು ಓದಿದರು. ಹೆಸರಿನ ಅರ್ಧ ಸವೆದುಹೋಗಿದೆ. ಉಳಿದದ್ದು ಸ್ಪಷ್ಟವಾಗಿದೆ: ಕದ್ದು ಒಯ್ಯುತ್ತಿದ್ದ ಊರ ದನಗಳನ್ನು ಬಿಡಿಸಿ ತಂದು ಸತ್ತವನು. ಹಳೆಯ ಕಾಲದ ತುರುಗಾಳಗ. ಕಲ್ಲಿನ ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ವೀರ. ಪೂಜೆ ಮಾಡುವ ಹಿರಿಯರು ‘ಹಾಗಾದ್ರೆ ನಮ್ಮೂರವನೇ!’ ಅಂದು ಒಳಗೆ ಹೋಗಿ ತೆಂಗಿನಕಾಯಿ ತಂದರು. ಆ ಕುಟುಂಬಕ್ಕೆ ನಮ್ಮ ಕೃತಜ್ಞತೆ ಎಷ್ಟು ಹೇಳಿದರೂ ಕಡಿಮೆಯೇ.

ಇನ್ನು ರೈತರು. ಒಗೆಯುವ ಕಲ್ಲಿನ ಮೇಲಿದ್ದದ್ದು ದಾನಶಾಸನ. ಮೇಲೆ ಸೂರ್ಯ, ಚಂದ್ರ. ಕೆಳಗೆ ದೇವಸ್ಥಾನಕ್ಕೆ ಬಿಟ್ಟ ಗದ್ದೆ, ಬೆದ್ದಲು (ಮಳೆ ನಂಬಿದ ಹೊಲ), ಅದರ ಎಲ್ಲೆಗಳು. ಕೊನೆಯಲ್ಲಿ ಎಂದಿನ ಶಾಪ: ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ (ಹಸು) ಕೊಂದ ಪಾಪ. ಕೊಟ್ಟ ಭೂಮಿಯ ಅಳತೆ ಖಂಡುಗ, ಕೊಳಗದಲ್ಲಿತ್ತು. ಕಾಳಿನ ಅಳತೆಯಲ್ಲಿ ಭೂಮಿಯನ್ನು ಹೇಗೆ ಅಳೆಯುತ್ತಾರೆ ಅಂತ ಕಾಲೇಜು ಹುಡುಗರು ಕೇಳಿದರು. ಹಿಂದೆ ಕೂತಿದ್ದ ರೈತರೊಬ್ಬರು ಎದ್ದು ನಿಂತರು. ಅಷ್ಟು ಬೀಜ ಹಿಡಿಯುವ ನೆಲ ಅಂತ ಲೆಕ್ಕ, ನಮ್ಮಪ್ಪನ ಕಾಲದವರೆಗೂ ಹಾಗೇ ಹೇಳುತ್ತಿದ್ದರು ಅಂದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಶಾಸನದಲ್ಲಿ ಹೇಳಿದ ಮೂಡಣ ಕಟ್ಟೆ, ತೆಂಕಣ ಹಳ್ಳ ಎರಡನ್ನೂ ನಡೆಸಿಕೊಂಡು ಹೋಗಿ ತೋರಿಸಿದರು. ಕಟ್ಟೆ ಅರ್ಧ ಹೂತಿದೆ, ಹಳ್ಳ ಇನ್ನೂ ಹರಿಯುತ್ತದೆ. ಅವತ್ತಿನಿಂದ ನಮ್ಮ ಕೂಟದ ರೀತಿಯೇ ಬದಲಾಯಿತು. ಭಾಷಣ ಕಡಿಮೆ ಮಾಡಿದೆವು. ಓದುವವರು ಸಾಲು ಓದುವುದು, ಊರವರು ಅದನ್ನು ನೆಲದ ಮೇಲೆ ಹುಡುಕುವುದು. ಹೆಂಗಸರು ಜಾಸ್ತಿ ಬರಲು ಶುರುಮಾಡಿದ್ದೂ ಆಮೇಲೆಯೇ. ಗುಡಿ, ಬಾವಿ, ಹೊಲದ ಹಳೆಯ ಹೆಸರುಗಳು ಅವರ ಬಾಯಲ್ಲಿ ಎಷ್ಟಿವೆ ಅಂದರೆ, ಬರೆದುಕೊಳ್ಳುತ್ತಿದ್ದ ಹುಡುಗಿಯ ನೋಟ್‌ಬುಕ್ ತುಂಬಿಹೋಯಿತು.

ಶಾಲೆಯ ಸಮಾಜ ವಿಜ್ಞಾನದ ಮೇಡಂಗೆ ವಿಶೇಷ ಧನ್ಯವಾದ. ಶಾಸನಗಳಲ್ಲಿ ಬರುವ ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ ಅನ್ನುವುದನ್ನು ಆರನೇ ಕ್ಲಾಸಿನ ಮಕ್ಕಳು ಈಗ ಬೆರಳೆಣಿಸದೆ ಮಾಡುತ್ತಾರೆ. ಅವರು ಮಕ್ಕಳಿಗೆ ಮೊದಲು ಹೇಳಿದ್ದು ಯಾವ ರಾಜನ ಕಥೆಯನ್ನೂ ಅಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದ ಕಾಳಿ ಅನ್ನುವ ನಾಯಿಯ ಕಥೆ. 10ನೇ ಶತಮಾನದ ಕಲ್ಲು ಅದು. ಗಂಗರ ದೊರೆ ಬೂತುಗ ತನ್ನ ವೀರ ಮಣಲೆರನಿಗೆ ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ಈ ನಾಯಿಯನ್ನು. ಕಾಡುಹಂದಿಯ ಜೊತೆ ಕಾದಾಡಿ ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿದರು. ಕಲ್ಲಿನ ಮೇಲೆ ನಾಯಿ, ಹಂದಿಯ ಜಗಳದ ಚಿತ್ರವೂ ಇದೆ. ಈಗ ಅದು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಕಥೆ ಕೇಳಿದ ಮಕ್ಕಳು ಮರುದಿನವೇ ನಮ್ಮೂರ ಕಲ್ಲುಗಳಲ್ಲೂ ನಾಯಿ ಇದೆಯಾ ಅಂತ ಹುಡುಕಲು ಹೊರಟರು. ನಾಯಿ ಸಿಗಲಿಲ್ಲ, ಮುಳ್ಳಿನ ಪೊದೆಯೊಳಗೆ ಒಂದು ಮಾಸ್ತಿಕಲ್ಲು, ಅಂದರೆ ಸತಿ ಹೋದ ಹೆಂಗಸಿನ ನೆನಪಿನ ಕಲ್ಲು, ಸಿಕ್ಕಿತು. ಬಳೆ ತೊಟ್ಟ ತೋಳು ಚೆನ್ನಾಗಿ ಉಳಿದಿದೆ.

ಗ್ರಂಥಾಲಯದ ಮೇಲ್ವಿಚಾರಕರು ಭಾನುವಾರವೂ ಬಾಗಿಲು ತೆಗೆದರು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿದ, ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟವನ್ನು ಎಲ್ಲಿಂದಲೋ ತರಿಸಿಕೊಟ್ಟರು. ಆ ಸಂಗ್ರಹವನ್ನು ಮೊದಲು ಹೊರತಂದವರು, ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್, ಮೈಸೂರು ಸೀಮೆಯ ಊರೂರು ಸುತ್ತಿ ಸಾವಿರಾರು ಶಾಸನ ಸೇರಿಸಿದರು. ಆ ಕೆಲಸ ಇಲ್ಲದಿದ್ದರೆ ನಮ್ಮಂಥವರು ಎಲ್ಲಿಂದ ಶುರುಮಾಡುವುದು? ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಎಲ್ಲರೂ ನೋಡುವ ಹಾಗೆ ಇಟ್ಟಿದ್ದಾರೆ. ಅದನ್ನು ನೋಡುತ್ತಲೇ ನಮ್ಮ ಹುಡುಗರು ಎಷ್ಟೋ ಅಕ್ಷರ ಕಲಿತರು.

ಕಷ್ಟದ ಒಂದು ವಾರವೂ ಇತ್ತು. ರಸ್ತೆ ಅಗಲ ಮಾಡುವಾಗ ಹಾಸುಗಲ್ಲು ಎರಡು ತುಂಡಾಗಿ ಮೋರಿಗೆ ಬಿತ್ತು. ಅದನ್ನು ಜಲ್ಲಿಯ ಜೊತೆ ತುಂಬಿ ಮುಚ್ಚುವವರಿದ್ದರು. ರಾತ್ರಿ ಫೋನ್ ಮಾಡಿ ತಿಳಿಸಿದ್ದು ಜೆಸಿಬಿ ಓಡಿಸುತ್ತಿದ್ದ ಹುಡುಗ. ನಾವು ಬರುವ ತನಕ ಗಾಡಿ ಆಫ್ ಮಾಡಿ ಕೂತಿದ್ದ. ಅವತ್ತಿನ ಕೂಲಿ ಹೋದರೂ ಪರವಾಗಿಲ್ಲ ಅಂದ. ತಮ್ಮಾ, ಆ ಎರಡು ತುಂಡೂ ಪಂಚಾಯಿತಿ ಆಫೀಸಿನಲ್ಲಿ ಜೋಪಾನವಾಗಿವೆ. ನಿನ್ನಿಂದ ಉಳಿದವು. ಮುಂದಿನ ದಿನಗಳಲ್ಲಿ ಅರ್ಜಿ ಹಿಡಿದು ಓಡಾಡಿದ ಪಂಚಾಯಿತಿ ಸದಸ್ಯರಿಗೆ, ಬಂದು ನೋಡಿ ಕೆರೆ ಏರಿಯ ವೀರಗಲ್ಲನ್ನು ನಿಲ್ಲಿಸಲು ದಾರಿ ಹೇಳಿಕೊಟ್ಟ ಪುರಾತತ್ವ ಇಲಾಖೆಯ ಸಿಬ್ಬಂದಿಗೆ, ಕಲ್ಲಿಗೆ ಪೆಟ್ಟಾಗದಂತೆ ಹಗ್ಗ, ಹುಲ್ಲಿನ ಸಿಂಬಿ ಹಾಕಿ ಎತ್ತಿದ ಊರ ಹುಡುಗರಿಗೆ ನಾವು ಋಣಿ.

ಶಾಮಿಯಾನ, ಮೈಕು, ಟೀ, ಚಾಪೆ ಕೊಟ್ಟವರೆಲ್ಲರಿಗೂ ವಂದನೆ. ಸ್ತ್ರೀಶಕ್ತಿ ಸಂಘದವರು ಪ್ರತಿ ಸಲವೂ ಮಂಡಕ್ಕಿ ಮಾಡಿ ತಂದರು, ದುಡ್ಡು ಮಾತ್ರ ತಗೊಳ್ಳಲಿಲ್ಲ.

ಪಡಿಯಚ್ಚುಗಳನ್ನು ಗ್ರಂಥಾಲಯದ ಬೀರುವಿನಲ್ಲಿ ಇಟ್ಟಿದ್ದೇವೆ, ಯಾರು ಬೇಕಾದರೂ ಕೇಳಿ ನೋಡಬಹುದು. ಮಕ್ಕಳು ಹುಡುಕಿದ ಮಾಸ್ತಿಕಲ್ಲಿನ ಹತ್ತಿರ ಪೊದೆ ಕಡಿಯಬೇಕು. ಆ ಹೊಲದವರು ರಾಗಿ ಕೊಯ್ಲು ಆಗಲಿ, ಆಮೇಲೆ ನಾವೂ ಕುಡುಗೋಲು ತರುತ್ತೇವೆ ಅಂದಿದ್ದಾರೆ.