ಆಗ್ರಾ ಕೋಟೆಯ ನೀರಿನ ಬಾಗಿಲು

ಪ್ರಿಯ ಗೆಳೆಯ,

ಮೊಘಲ್ ಚಕ್ರವರ್ತಿ ಶಾಹಜಹಾನನ ಹಿರಿಯ ಮಗ ದಾರಾ ಶಿಕೋ ಸಿಂಹಾಸನದ ಯುದ್ಧದಲ್ಲಿ ಗೆದ್ದಿದ್ದರೆ ಏನಾಗುತ್ತಿತ್ತು ಅಂತ ನೀನು ಫೋನಿನಲ್ಲಿ ಕೇಳಿದ್ದೆ. ಆ ಪ್ರಶ್ನೆಗೆ ಊಹೆಯಲ್ಲೇ ಉತ್ತರ ಹೇಳಬೇಕು, ಅದು ನನಗೆ ಬೇಡ. ಆದರೆ ಅವನು ಯಾಕೆ ಸೋತ ಅನ್ನೋದರ ಬಗ್ಗೆ ಹೇಳೋದು ಬಹಳ ಇದೆ. ಅದಕ್ಕೇ ಈ ಪತ್ರ.

ಈ ಕಥೆಯನ್ನು ನಾವು ಯಾವಾಗಲೂ ನಾಲ್ಕು ಜನ ಅಣ್ಣತಮ್ಮಂದಿರ ಸ್ವಭಾವದ ಕಥೆಯಾಗಿ ಕೇಳಿದ್ದೇವೆ. ದಾರಾ ಉಪನಿಷತ್ತು ಓದಿದವನು, ಔರಂಗಜೇಬ್ ಕಟ್ಟುನಿಟ್ಟಿನವನು, ಮುರಾದ್ ಕುಡುಕ, ಶುಜಾ ಸುಖಪುರುಷ. ಸ್ವಭಾವದ ಮಾತು ಸುಳ್ಳಲ್ಲ. ಆದರೆ 1657ರಿಂದ 1660ರವರೆಗೆ ಗುಜರಾತಿನಿಂದ ಬಂಗಾಳದ ತನಕ ನಡೆದ ಆ ಯುದ್ಧವನ್ನು ಒಂದೊಂದೇ ಊರು, ಒಂದೊಂದೇ ಕೋಟೆ ಅಂತ ನೋಡುತ್ತಾ ಹೋದರೆ ಬೇರೆಯದೇ ಕಾಣುತ್ತದೆ. ನೀರು ಯಾರ ಕೈಯಲ್ಲಿದೆ, ದುಡ್ಡು ಯಾರ ಹತ್ತಿರ ಇದೆ, ತೋಪು ಯಾರದ್ದು, ದೋಣಿ ಯಾರದ್ದು. ಗೆಲುವು ಅಲ್ಲೇ ತೀರ್ಮಾನವಾಯಿತು ಅಂತ ನಾನು ನಂಬಿದ್ದೇನೆ.

ಶುರು ನಮ್ಮ ಕಡೆಯಿಂದಲೇ ಮಾಡಬೇಕು. ಶಾಹಜಹಾನ್ ಕಾಯಿಲೆ ಬಿದ್ದದ್ದು 1657ರ ಸೆಪ್ಟೆಂಬರಿನಲ್ಲಿ. ಅದೇ ವರ್ಷ ಮಾರ್ಚಿನಲ್ಲಿ ಔರಂಗಜೇಬ್ ಬೀದರ್ ಕೋಟೆಯ ಮುಂದೆ ಇದ್ದ. ಬಂಡೆಯಲ್ಲೇ ಕೊರೆದ ಆ ಮೂರು ಸಾಲಿನ ಕಂದಕ ನೀನು ನೋಡಿದ್ದೀಯಲ್ಲ, ಅದೇ ಕೋಟೆ. ಒಳಗೆ ಬಿಜಾಪುರದ ಸರದಾರ ಸಿದ್ದಿ ಮರ್ಜಾನ್. ಮುತ್ತಿಗೆ ನಡೆದದ್ದು 27 ದಿನ. ಕೊನೆಗೆ ಬುರುಜಿನಲ್ಲಿ ಕೂಡಿಟ್ಟಿದ್ದ ಮದ್ದಿಗೆ ಕಿಡಿ ಬಿದ್ದು ಸ್ಫೋಟವಾಯಿತು. ಮರ್ಜಾನ್ ಸುಟ್ಟ ಗಾಯಗಳಿಂದ ಸತ್ತ. ಕೋಟೆ ಬಿತ್ತು, ಜೊತೆಗೆ 230 ತೋಪುಗಳು ಮೊಘಲರ ಕೈಗೆ ಬಂದವು. ಅಲ್ಲಿಂದ ಸೈನ್ಯ ಕಲ್ಯಾಣಕ್ಕೆ ಹೋಯಿತು, ನಮ್ಮ ಬಸವಕಲ್ಯಾಣಕ್ಕೆ. ಅಲ್ಲಿ ಕೆಲಸ ಸುಲಭವಾಗಲಿಲ್ಲ. ಮುಳ್ಳುಕಂಟಿ, ಹುಲ್ಲು ಸುರಿದು ಕಂದಕ ತುಂಬಿದರೆ ಒಳಗಿನವರು ಅದಕ್ಕೆ ಬೆಂಕಿ ಇಟ್ಟರು. ಮತ್ತೆ ಕಲ್ಲು ಮಣ್ಣು ಹೊತ್ತು ತುಂಬಬೇಕಾಯಿತು. ಹೊರಗಿನಿಂದ ಬಿಜಾಪುರದ ಕುದುರೆ ಪಡೆ ಬೇರೆ ಕಾಡುತ್ತಲೇ ಇತ್ತು. ಆಗಸ್ಟ್ ಮೊದಲ ದಿನ ಕಲ್ಯಾಣ ಶರಣಾಯಿತು. ಅಷ್ಟರಲ್ಲಿ ಬಿಜಾಪುರದ ಜೊತೆ ರಾಜಿ ಮಾಡಿಕೋ ಅಂತ ಚಕ್ರವರ್ತಿಯ ಹುಕುಂ ಬಂತು.

ಸಿಂಹಾಸನದ ಜಗಳಕ್ಕೆ ಇಳಿಯುವಾಗ ಔರಂಗಜೇಬನ ಸೈನ್ಯ ಹಾಗಾಗಿ ಹೊಸದಾಗಿ ಪಳಗಿದ ಸೈನ್ಯ. ಸುರಂಗ, ಕಂದಕ, ತೋಪು ಎಲ್ಲವೂ ಕೈಯಲ್ಲಿ ಇನ್ನೂ ಬಿಸಿಯಾಗಿದ್ದವು. ಅದರ ಮೇಲೆ 1658ರ ಜನವರಿಯಲ್ಲಿ ಮೊಘಲ್ ಸೇನಾಪತಿ ಮೀರ್ ಜುಮ್ಲಾನನ್ನು ಬಂಧಿಸಿದ ಹಾಗೆ ಮಾಡಿ ಅವನ ತೋಪುಖಾನೆಯನ್ನೂ ದುಡ್ಡನ್ನೂ ತನ್ನ ಹತ್ತಿರ ಇಟ್ಟುಕೊಂಡ. ದಾರಾ ಆ ವರ್ಷಗಳನ್ನೆಲ್ಲ ಅಪ್ಪನ ಆಸ್ಥಾನದಲ್ಲಿ ಕಳೆದಿದ್ದ.

ತಮ್ಮ ಮುರಾದ್ ಗುಜರಾತಿನಲ್ಲಿ ಮಾಡಿದ್ದು ಇನ್ನೂ ನೇರ. ದುಡ್ಡು ಬೇಕಿತ್ತು, ದುಡ್ಡು ಇದ್ದದ್ದು ಸೂರತ್ತಿನಲ್ಲಿ. 1657ರ ಕೊನೆಯಲ್ಲಿ ಅವನ ಪಡೆ ಊರನ್ನು ಹಿಡಿಯಿತು. ಕೋಟೆ ಮಾತ್ರ ಬಗ್ಗಲಿಲ್ಲ. ಗೋಡೆಯ ಕೆಳಗೆ ಸುರಂಗ ತೋಡಿ ಮದ್ದು ತುಂಬಿ ಹಾರಿಸಿದ ಮೇಲೆ ಡಿಸೆಂಬರಿನಲ್ಲಿ ಬಿತ್ತು. ಆಮೇಲೆ ಊರಿನ ವ್ಯಾಪಾರಿಗಳ ಸರದಿ. ವೀರ್‌ಜಿ ವೋರಾನಂಥ ದೊಡ್ಡ ಸಾಹುಕಾರರಿಂದ 5 ಲಕ್ಷ ರೂಪಾಯಿ ಸಾಲ ವಸೂಲಿಯಾಯಿತು. ಸಾಲ ಅಂತ ಹೆಸರು ಅಷ್ಟೇ. ಕೊಡಲ್ಲ ಅನ್ನುವ ಧೈರ್ಯ ಯಾರಿಗಿತ್ತು ಹೇಳು?

ಧರ್ಮತ್, ಸಮೂಗಢ, ಈ ಎರಡು ಬಯಲು ಕದನಗಳ ಬಗ್ಗೆ ನಿನಗೆ ಗೊತ್ತೇ ಇದೆ. 1658ರ ಏಪ್ರಿಲಿನಲ್ಲಿ ಉಜ್ಜಯಿನಿಯ ಹತ್ತಿರ ಚಕ್ರವರ್ತಿಯ ಕಡೆಯ ಸೇನಾಪತಿ ಜಸ್ವಂತ್ ಸಿಂಗ್ ಸೋತ, ಮೇ 29ಕ್ಕೆ ಆಗ್ರಾದ ಹತ್ತಿರ ದಾರಾ ಸೋತ. ಅದರ ಮುಂದಿನ ಹತ್ತು ದಿನ ಇದೆಯಲ್ಲ, ಅದನ್ನು ಓದುವಾಗೆಲ್ಲ ನನಗೆ ಸಂಕಟವಾಗುತ್ತದೆ.

ದಾರಾ ದಿಲ್ಲಿಗೆ ಓಡಿದ. ಆಗ್ರಾ ಕೋಟೆಯಲ್ಲಿ ಉಳಿದವನು 66 ವರ್ಷದ ಶಾಹಜಹಾನ್. ಬಾಗಿಲು ಹಾಕಿಸಿಕೊಂಡು ಕುಳಿತ. ಔರಂಗಜೇಬನ ತೋಪುಗಳು ಜಾಮಾ ಮಸೀದಿಯ ಕಡೆಯಿಂದ ಹೊಡೆದವು, ಆ ಕೆಂಪು ಕಲ್ಲಿನ ಗೋಡೆಗೆ ಏನೂ ಆಗಲಿಲ್ಲ. ಬೀದರ್, ಕಲ್ಯಾಣದಲ್ಲಿ ಮಾಡಿದ ಹಾಗೆ ಮುತ್ತಿಗೆ ಹಾಕಿ ಕೂತರೆ ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ದಾರಾ ಹೊಸ ಸೈನ್ಯ ಕಟ್ಟುತ್ತಾನೆ. ಔರಂಗಜೇಬ್ ಗೋಡೆಯ ತಂಟೆಯನ್ನೇ ಬಿಟ್ಟ. ಕೋಟೆಯಿಂದ ಯಮುನೆಗೆ ಇಳಿಯುವ ಬಾಗಿಲು ಒಂದಿತ್ತು, ಖಿಜ್ರಿ ದರ್ವಾಜಾ. ಒಳಗಿನವರು ಕುಡಿಯುವ ನೀರು ತರುತ್ತಿದ್ದದ್ದು ಅದರ ಮೂಲಕ. ಅವನ ಜನ ಆ ಬಾಗಿಲ ಹೊರಗಿನ ಜಾಗ ಹಿಡಿದು ನೀರು ತರುವುದನ್ನು ನಿಲ್ಲಿಸಿದರು. ಅಷ್ಟೇ.

ಕೋಟೆಯೊಳಗೆ ಬಾವಿಗಳಿದ್ದವು. ಬಳಕೆಯಿಲ್ಲದೆ ಬಿದ್ದಿದ್ದವು, ನೀರು ಸವಳು. ಜೂನ್ ತಿಂಗಳ ಆಗ್ರಾ ಅಂದರೆ ಗೊತ್ತಲ್ಲ, ಗಾಳಿಯೇ ಬೆಂಕಿ. ಕಾವಲಿನವರು ಒಬ್ಬೊಬ್ಬರಾಗಿ ಜಾರಿಕೊಂಡರು. ಮುದುಕ ಮಗನಿಗೆ ಪತ್ರ ಬರೆದ. ಹಿಂದೂಗಳು ಸತ್ತ ತಂದೆತಾಯಿಗೂ ನೀರು ಬಿಡುತ್ತಾರೆ, ನೀನು ಬದುಕಿರುವ ಅಪ್ಪನಿಗೆ ನೀರು ಕೊಡುತ್ತಿಲ್ಲ ಅಂತ ಅದರಲ್ಲಿ ಅಂಗಲಾಚಿದ್ದನಂತೆ. ನೀನು ಮಾಡಿದ್ದನ್ನು ನೀನೇ ಉಣ್ಣುತ್ತಿದ್ದೀಯ ಅನ್ನೋ ಅರ್ಥದ ಉತ್ತರ ಬಂತಂತೆ. ಜೂನ್ 8ಕ್ಕೆ ಬಾಗಿಲು ತೆರೆಯಿತು. ಮೂರು ದಿನ ಸಾಕಾಯಿತು. ಸಾಮ್ರಾಜ್ಯದ ಖಜಾನೆ ಮಗನದಾಯಿತು, ಅಪ್ಪ ಅದೇ ಕೋಟೆಯಲ್ಲಿ 1666ರಲ್ಲಿ ಸಾಯುವ ತನಕ ಕೈದಿಯಾಗಿ ಉಳಿದ. ಮುರಾದನನ್ನೂ ಅದೇ ತಿಂಗಳು ಮಥುರೆಯ ಹತ್ತಿರ ಊಟಕ್ಕೆ ಕರೆದು ಹಿಡಿದು ಹಾಕಿದರು.

ಸಮೂಗಢಕ್ಕಿಂತ ಈ ಮೂರು ದಿನ ದೊಡ್ಡದು ಅನ್ನೋದು ನನ್ನ ವಾದ. ಬಯಲಲ್ಲಿ ಸೋತವನು ಮತ್ತೆ ಸೈನ್ಯ ಕಟ್ಟಬಹುದು. ಖಜಾನೆ, ರಾಜಧಾನಿ, ಚಕ್ರವರ್ತಿ ಮೂರೂ ಹೋದ ಮೇಲೆ ಯಾವುದರಿಂದ ಕಟ್ಟುವುದು?

ದಾರಾ ಆಮೇಲೆ ಲಾಹೋರ್, ಮುಲ್ತಾನ್, ಸಿಂಧ್ ಅಂತ ಓಡುತ್ತಲೇ ಹೋದ. ಭಾರದ ತೋಪುಗಳನ್ನು ಎಳೆದುಕೊಂಡು ಓಡುವುದು ಆಗದೆ ಭಕ್ಕರ್ ಕೋಟೆಯಲ್ಲಿ ಬಿಟ್ಟ. ಸಿಂಧೂ ನದಿಯ ನಡುವೆ ದ್ವೀಪದ ಮೇಲೆ ಕೂತ ಕೋಟೆ ಅದು, ಒಂದು ದಡದಲ್ಲಿ ರೋಹ್ರಿ, ಇನ್ನೊಂದರಲ್ಲಿ ಸುಕ್ಕೂರ್. ಬಸಂತ್ ಅನ್ನುವ ಖೋಜಾ (ಜನಾನಾದ ನಪುಂಸಕ ಸೇವಕ) ಅದನ್ನು ಕಾಯುತ್ತಿದ್ದ. ಯುರೋಪಿನ ತೋಪುಗಾರರ ಜೊತೆ ಇಪ್ಪತ್ತರ ಆಸುಪಾಸಿನ ವೆನಿಸ್ ಹುಡುಗ ನಿಕೊಲಾವ್ ಮನೂಚಿಯೂ ಇದ್ದ. ಒಡೆಯನ ಬಲವೆಲ್ಲ ಕುಸಿದ ಮೇಲೂ ಅವರು ಕೋಟೆ ಬಿಡಲಿಲ್ಲ. ಬಿಟ್ಟುಕೊಡಿ ಅಂತ ಔರಂಗಜೇಬ್ ಸೆರೆಸಿಕ್ಕ ದಾರಾನ ಕೈಯಿಂದಲೇ ಪತ್ರ ಬರೆಸಿ ಕಳಿಸಿದ ಮೇಲೆ ಬಾಗಿಲು ತೆಗೆದರು ಅಂತ ಮನೂಚಿ ಬರೆದಿದ್ದಾನೆ. ಇಂಥ ನಿಷ್ಠೆಯ ಜನ ದಾರಾನಿಗೂ ಇದ್ದರು, ನೋಡು. 1659ರ ಮಾರ್ಚಿನಲ್ಲಿ ಅಜ್ಮೇರದ ಹತ್ತಿರ ದೇವರಾಯಿಯಲ್ಲಿ ಅವನು ಬೆಟ್ಟಗಳ ನಡುವೆ ಒಳ್ಳೆಯ ಜಾಗವನ್ನೇ ಹಿಡಿದಿದ್ದ. ಔರಂಗಜೇಬನ ಕಡೆಯ ಜಮ್ಮುವಿನ ಗುಡ್ಡಗಾಡಿನ ಕಾಲಾಳುಗಳು ಹಿಂದಿನ ಬೆಟ್ಟ ಹತ್ತಿ ಬಂದರು, ಮುಗಿಯಿತು. ಆಮೇಲೆ ಸೆರೆಸಿಕ್ಕ, ಅದೇ ವರ್ಷದ ಆಗಸ್ಟ್ 30ಕ್ಕೆ ದಿಲ್ಲಿಯಲ್ಲಿ ಅವನ ತಲೆ ಹೋಯಿತು.

ಬಂಗಾಳದ್ದು ಇನ್ನೊಂದು ರೀತಿ. ಶುಜಾನ ಹತ್ತಿರ ದೋಣಿಗಳ ದೊಡ್ಡ ಪಡೆ. ಔರಂಗಜೇಬನ ಪರವಾಗಿ ಅಟ್ಟಿಸಿಕೊಂಡು ಹೋದ ಮೀರ್ ಜುಮ್ಲಾನ ಹತ್ತಿರ ಕುದುರೆ ಜಾಸ್ತಿ, ದೋಣಿ ಇಲ್ಲ. ಗಂಗೆಯ ಆಚೆ ಒಬ್ಬ, ಈಚೆ ಒಬ್ಬ. 1659ರ ಮಳೆಗಾಲದಲ್ಲಿ ಎಲ್ಲ ಕಡೆ ನೀರು ತುಂಬಿತು. ರಾಜಮಹಲ್ ಅನ್ನುವ ಊರಿನಲ್ಲಿದ್ದ ಮೀರ್ ಜುಮ್ಲಾನ ಕಡೆಯ ಪಡೆಗೆ ಕಾಳು ಹೋಗುವ ದಾರಿ ಮುಚ್ಚಿ, ಹಸಿವು ತಾಳಲಾರದೆ ಅವರು ಊರನ್ನೇ ಬಿಟ್ಟು ಬಂದರು. ಆಗ್ರಾದಲ್ಲಿ ನೀರಿಲ್ಲದೆ ಕೋಟೆ ಬಿತ್ತು, ಇಲ್ಲಿ ನೀರು ಹೆಚ್ಚಾಗಿ ಊರು ಬಿತ್ತು. ಮೀರ್ ಜುಮ್ಲಾ ಕಾದ. ದೋಣಿ ಕೂಡಿಸಿದ. 1660ರ ಏಪ್ರಿಲಿನಲ್ಲಿ ಶುಜಾ ತಾಂಡಾದಿಂದ ಢಾಕಾಗೆ, ಮೇ ತಿಂಗಳಲ್ಲಿ ಅಲ್ಲಿಂದ ಅರಾಕಾನಿಗೆ (ಈಗಿನ ಮ್ಯಾನ್ಮಾರಿನ ಕರಾವಳಿ) ಓಡಿದ. ವಾಪಸ್ ಬರಲೇ ಇಲ್ಲ.

ಇಷ್ಟೆಲ್ಲದರ ನಡುವೆ ದಾರಿಯಲ್ಲಿದ್ದ ಹಳ್ಳಿಗಳ ಗತಿ ಯೋಚಿಸು. ಅವರ ಹೆಸರು ಯಾವ ದರ್ಬಾರಿನ ಚರಿತ್ರೆಕಾರನೂ ಬರೆದಿಡಲಿಲ್ಲ ಅನ್ನೋದು ನನಗೆ ನಿಜಕ್ಕೂ ನೋವಿನ ವಿಷಯ. ಆದರೆ ಒಂದು ಕುರುಹು ಸಿಗುತ್ತದೆ. 1659ರಲ್ಲಿ ಎರಡನೇ ಸಲ ಪಟ್ಟಕ್ಕೆ ಕೂತಾಗ ಔರಂಗಜೇಬ್ ಧಾನ್ಯದ ಮೇಲಿನ ದಾರಿಸುಂಕವನ್ನು ರದ್ದು ಮಾಡಿದ, ಕಾಳಿನ ಬೆಲೆ ಅಷ್ಟು ಏರಿತ್ತು. ಗೆದ್ದವನು ಮೊದಮೊದಲು ಮಾಡಬೇಕಾಗಿ ಬಂದ ಕೆಲಸಗಳಲ್ಲಿ ಜನರಿಗೆ ಕಾಳು ಮುಟ್ಟಿಸುವುದೂ ಒಂದು.

ಡಿಸೆಂಬರಿನಲ್ಲಿ ನೀನು ಊರಿಗೆ ಬಂದಾಗ ಬೀದರಿಗೆ ಹೋಗೋಣ, ಬಸವಕಲ್ಯಾಣದ ಕೋಟೆಯನ್ನೂ ನೋಡಿಕೊಂಡು ಬರೋಣ. ದಾರಾನ ಪರವಾಗಿ ನಿನ್ನ ವಾದ ಏನಿದೆಯೋ ಅದನ್ನು ಅಷ್ಟರೊಳಗೆ ಬರೆದು ಕಳಿಸು.

ನಿನ್ನ,
ಹಳೆಯ ಗೆಳೆಯ