ವಂಶಾವಳಿ ಹೇಳುವ ಹೆಳವರ ಪುಸ್ತಕಗಳು ಉಳಿಯಲಿ, ಅಜ್ಜಿಯರ ಹೆಸರೂ ಸೇರಲಿ

ಮಾನ್ಯ ಸಂಪಾದಕರೇ,

ಮನೆತನದ ವಂಶವೃಕ್ಷವನ್ನು ಅಚ್ಚು ಹಾಕಿಸಿ ಬಂಧುಬಳಗಕ್ಕೆ ಹಂಚುವವರನ್ನು ಕಂಡರೆ ಸಂತೋಷವಾಗುತ್ತದೆ. ಆದರೆ ಇಂತಹ ಪುಸ್ತಕಗಳಲ್ಲಿ ಹೆಚ್ಚಿನವು ತಂದೆ, ಅಜ್ಜ, ಮುತ್ತಜ್ಜ ಎಂದು ಒಂದೇ ಎಳೆ ಹಿಡಿದು ಸಾಗುತ್ತವೆ. ಹತ್ತು ತಲೆಮಾರು ಹಿಂದೆ ಹೋದರೆ ಪ್ರತಿಯೊಬ್ಬರಿಗೂ ಪೂರ್ವಜರ 1,024 ಸ್ಥಾನಗಳಿರುತ್ತವೆ. ಈ ಎಳೆ ಅವುಗಳಲ್ಲಿ ಒಂದನ್ನು ಮಾತ್ರ ಮುಟ್ಟುತ್ತದೆ.

ಮೂವತ್ತನೆಯ ತಲೆಮಾರಿಗೆ ಆ ಸ್ಥಾನಗಳು ನೂರು ಕೋಟಿಯನ್ನು ಮೀರುತ್ತವೆ. ಆ ಕಾಲದಲ್ಲಿ ಇಡೀ ಭೂಮಿಯ ಮೇಲೆಯೇ ಅಷ್ಟು ಜನರಿರಲಿಲ್ಲವಾದ್ದರಿಂದ, ಒಬ್ಬರೇ ಹಿರಿಯರು ಒಂದೇ ವಂಶವೃಕ್ಷದಲ್ಲಿ ಹಲವು ಕಡೆ ಬರಲೇಬೇಕು, ಪರಸ್ಪರ ಪರಿಚಯವೇ ಇಲ್ಲದ ಮನೆಗಳ ವೃಕ್ಷಗಳಲ್ಲಿಯೂ ಕಾಣಿಸಿಕೊಳ್ಳಬೇಕು. ನಮ್ಮಲ್ಲಿ ಇದನ್ನು ಕಾಣಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಸೋದರಮಾವನನ್ನು ಮದುವೆಯಾದವಳ ಮಕ್ಕಳಿಗೆ ತಂದೆಯ ತಂದೆ-ತಾಯಿಯರೇ ತಾಯಿಯ ಅಜ್ಜ-ಅಜ್ಜಿಯರೂ ಹೌದು. ಸೋದರತ್ತೆಯ ಮಗಳನ್ನು ತಂದುಕೊಂಡ ಮನೆಯ ಮಕ್ಕಳಿಗೆ ಎಂಟರ ಬದಲು ಆರೇ ಮಂದಿ ಮುತ್ತಜ್ಜ-ಮುತ್ತಜ್ಜಿಯರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮದುವೆಗಳು ರಕ್ತಸಂಬಂಧದೊಳಗೇ ಆಗಿವೆ.

ಜಾತಿಯೊಳಗೇ ಮದುವೆಯಾಗುವ ಕಟ್ಟಳೆಯಿಂದ ಒಂದೊಂದು ಸಮುದಾಯದ ಒಳಗೆ ಈ ಹೆಣಿಗೆ ಇನ್ನಷ್ಟು ದಟ್ಟವಾಗಿರುವುದು ನಿಜ. ಆದರೂ ಆ ಕಟ್ಟಳೆ ಅನಾದಿಯದಲ್ಲ. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಸಿಸಿಎಂಬಿ ಮತ್ತು ಅಮೆರಿಕದ ಹಾರ್ವರ್ಡ್‌ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಮಾರು 1,900ರಿಂದ 4,200 ವರ್ಷಗಳ ಹಿಂದೆ ಭಾರತದ ಜನಸಮುದಾಯಗಳು ವ್ಯಾಪಕವಾಗಿ ಬೆರೆತಿದ್ದವು. ತಮ್ಮ ವಂಶ ಬೇರೆಯವರ ಸೋಂಕಿಲ್ಲದ್ದು ಎಂದು ಹೇಳಿಕೊಳ್ಳುವವರು ಇದನ್ನು ತಾಳ್ಮೆಯಿಂದ ಓದಬೇಕು.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಎತ್ತಿನೊಂದಿಗೆ ಮನೆಬಾಗಿಲಿಗೆ ಬಂದು ವಂಶಾವಳಿ ಹೇಳಿ, ಕಾಳುಕಡಿ ಕಾಣಿಕೆ ಪಡೆಯುವ ಹೆಳವರ ಬಳಿ ತಲೆಮಾರುಗಳ ದಾಖಲೆಯ ಪುಸ್ತಕಗಳಿವೆ. ಯಾವ ಮನೆತನ ಯಾವ ಊರಿನಿಂದ ಎದ್ದು ಬಂದಿತು, ಎಲ್ಲಿ ಕವಲೊಡೆಯಿತು ಎಂಬುದನ್ನು ಅವರು ಹೇಳಬಲ್ಲರು. ಹೊಸ ತಲೆಮಾರಿನವರು ಈ ವೃತ್ತಿಯನ್ನು ಬಿಡುತ್ತಿದ್ದಾರೆ. ಅವರ ಬದುಕಿನ ಕಷ್ಟ ನೋಡಿದರೆ ಅದನ್ನು ತಪ್ಪೆನ್ನಲಾಗದು. ರಾಜ್ಯ ಪತ್ರಾಗಾರ ಇಲಾಖೆ ಮತ್ತು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಒಟ್ಟಾಗಿ, ಹೆಳವರ ಒಪ್ಪಿಗೆ ಪಡೆದು, ಸೂಕ್ತ ಸಂಭಾವನೆ ಕೊಟ್ಟು ಈ ಪುಸ್ತಕಗಳ ಪ್ರತಿಗಳನ್ನು ಮಾಡಿಸಿಡಬೇಕು. ಮೂಲ ಪುಸ್ತಕಗಳು ಅವರ ಮನೆಯಲ್ಲಿಯೇ ಉಳಿಯಲಿ. ಪ್ರತಿ ಮಾಡುವಾಗಲೇ ಆಯಾ ಮನೆಯ ಹಿರಿಯರನ್ನು ಕೇಳಿ, ಸೊಸೆಯಾಗಿ ಬಂದವರ ಹೆಸರು ಮತ್ತು ತವರೂರು, ಮಗಳು ಸೇರಿದ ಮನೆ ಇವನ್ನೂ ಬರೆದುಕೊಳ್ಳುವ ಏರ್ಪಾಡು ಆಗಲಿ.

ಇಂತಿ,
ಓರ್ವ ಓದುಗ, ಧಾರವಾಡ