ಅಮ್ಮನ ಸೀರೆಯಲ್ಲಿ ಮಗಳ ಲಂಗ: ಕತ್ತರಿ ಹಾಕುವ ಮೊದಲು

ಸಂಪಾದಕರಿಗೆ ನಮಸ್ಕಾರ.

ಅಷ್ಟಮಿ, ಚೌತಿ, ನವರಾತ್ರಿ ಒಂದರ ಬೆನ್ನಿಗೆ ಒಂದು ಬರುವ ಹೊತ್ತಿಗೆ ಮಂಗಳೂರು, ಉಡುಪಿಯ ಟೈಲರ್ ಅಂಗಡಿಗಳಿಗೆ ಅಮ್ಮಂದಿರು ತಮ್ಮ ಹಳೆಯ ರೇಷ್ಮೆ ಸೀರೆ ತರುತ್ತಾರೆ. ಮಗಳಿಗೆ ಲಂಗ, ರವಿಕೆ ಆಗಬೇಕು. ಬಹಳ ಒಳ್ಳೆಯ ಆಲೋಚನೆ. ಅಂಥ ಬಟ್ಟೆ ರೆಡಿಮೇಡ್ ಲೆಹೆಂಗಾದಲ್ಲಿ ಸಿಗುವುದು ಕಷ್ಟ. ಆದರೆ ಹೀಗೆ ಹೊಲಿಸಿದ ಲಂಗ ಒಂದೇ ಹಬ್ಬಕ್ಕೆ ಹರಿದುಹೋದರೆ ಎಲ್ಲರೂ ಬೈಯುವುದು ಟೈಲರನ್ನು. ಹೆಚ್ಚಿನ ಸಲ ತೊಂದರೆ ಇರುವುದು ಸೀರೆಯನ್ನು ಬಿಚ್ಚಿ ನೋಡದೆ ಕತ್ತರಿ ಹಾಕಿದ್ದರಲ್ಲಿ.

ಸೀರೆಯನ್ನು ಪೂರ್ತಿ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ನಮ್ಮ ಕರಾವಳಿಯ ತೇವದಲ್ಲಿ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟ ರೇಷ್ಮೆ ಆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಗೆರೆಯ ಎರಡೂ ಬದಿ ಹೆಬ್ಬೆರಳಿಟ್ಟು ಮೆಲ್ಲಗೆ ಎಳೆಯಿರಿ. ಎಳೆ ಬಿಟ್ಟುಕೊಂಡರೆ ಅಷ್ಟು ಭಾಗ ಕೈಬಿಡಬೇಕು, ಬೇರೆ ದಾರಿಯಿಲ್ಲ. ಸೆರಗಿನಲ್ಲಿ ಭುಜಕ್ಕೆ ಪಿನ್ನು ಚುಚ್ಚಿದ ಜಾಗ, ಕೆಳಗಡೆ ಫಾಲ್ ಹೊಲಿದ ತೂತಿನ ಸಾಲು, ಚಪ್ಪಲಿ ತಾಗಿ ಸವೆದ ಅಂಚು, ಇಷ್ಟನ್ನೂ ಸೀಮೆಸುಣ್ಣದಿಂದ ಗುರುತು ಮಾಡಿಕೊಳ್ಳಿ. ಎರಡೂ ಕಡೆ ಒಂದೇ ಅಗಲದ ಅಂಚಿದ್ದು, ಹೂ ಬುಟ್ಟಾ ತಲೆಕೆಳಗಾದರೂ ಗೊತ್ತಾಗದಂತಿದ್ದರೆ ಸೀರೆಯನ್ನು ತಿರುಗಿಸಿ, ಸೊಂಟದ ಕಡೆ ಇದ್ದ ಸವೆಯದ ಅಂಚನ್ನೇ ಲಂಗದ ಕೆಳಗೆ ತನ್ನಿ. ಕಪ್ಪಾದ ಜರಿಯನ್ನು ಟೂತ್‌ಪೇಸ್ಟ್, ಲಿಂಬೆಹುಳಿ ಹಾಕಿ ಉಜ್ಜಬೇಡಿ. ಮೇಲಿನ ತೆಳು ಲೇಪ ಎದ್ದುಹೋದರೆ ಮತ್ತೆ ಬರುವುದಿಲ್ಲ.

ಲೆಕ್ಕ ಹೀಗೆ. ಸೊಂಟ 24 ಇಂಚು, ಸೊಂಟದಿಂದ ಪಾದದ ಗಂಟಿನವರೆಗೆ 34 ಇಂಚು ಇರುವ ಹುಡುಗಿ ಎಂದಿಟ್ಟುಕೊಳ್ಳಿ. 46 ಇಂಚು ಅಗಲದ ಸೀರೆಯಲ್ಲಿ ಅಂಚನ್ನು ಕೆಳಗಿಟ್ಟು 38 ಇಂಚು ಎತ್ತರ ತೆಗೆಯಬೇಕು: ಲಂಗಕ್ಕೆ 34, ಸೊಂಟಪಟ್ಟಿಯ ಹೊಲಿಗೆಗೆ 1, ಮುಂದೆ ಬಿಚ್ಚಿ ಉದ್ದ ಮಾಡಲು 3. ಆ 3 ಇಂಚನ್ನು ಅಂಚಿನ ಗೆರೆಯ ಮೇಲೆಯೇ ಒಳಮಡಿಕೆಯಾಗಿ, ದೊಡ್ಡ ಹೊಲಿಗೆಯಲ್ಲಿ ಕೂರಿಸಿದರೆ ಬಿಚ್ಚಿದಾಗ ಗುರುತು ಎದ್ದು ಕಾಣುವುದಿಲ್ಲ. ಮೇಲೆ ಉಳಿಯುವ 8 ಇಂಚಿನ ಪಟ್ಟಿಯಲ್ಲಿ ಸೊಂಟಪಟ್ಟಿ, ತೋಳಿನ ಅಂಚು ಆಗುತ್ತದೆ. ರವಿಕೆ ಸೆರಗಿನಲ್ಲಿ.

ಘೇರು, ಅಂದರೆ ಲಂಗದ ಕೆಳಸುತ್ತಳತೆ, ಎಷ್ಟು? ದಪ್ಪ ಕಾಂಜೀವರಂ ಆದರೆ ಎರಡೂವರೆ ಮೀಟರ್ ಸಾಕು. 98 ಇಂಚಿನಲ್ಲಿ ಜೋಡಣೆಗೆ 2 ಹೋಗಿ 96 ಉಳಿಯುತ್ತದೆ, ಸೊಂಟಪಟ್ಟಿ 25. ಮಿಕ್ಕ 71 ಇಂಚು ನೆರಿಗೆಗೆ. ಒಂದೊಂದು ನೆರಿಗೆ 2 ಇಂಚು ತಿಂದರೆ ಸುಮಾರು 35 ನೆರಿಗೆ ಬರುತ್ತದೆ. ಇದಕ್ಕಿಂತ ಹೆಚ್ಚು ತುಂಬಿಸಿದರೆ ಸೊಂಟದಲ್ಲಿ ಗುಡ್ಡೆ ನಿಲ್ಲುತ್ತದೆ, ಮೆಷಿನ್ ಸೂಜಿಯೂ ಮುರಿಯುತ್ತದೆ. ತೆಳುವಾದ ಮೈಸೂರು ಕ್ರೇಪ್‌ಗೆ ಮೂರು, ಮೂರೂವರೆ ಮೀಟರ್ ಹಾಕಬಹುದು.

ಈಗ ಎಲ್ಲರೂ ಕೇಳುವುದು ಅಂಬ್ರೆಲಾ ಕಟ್. ಅಂಚಿನ ಸೀರೆಗೆ ಅದು ಬೇಡವೆಂದೇ ನಮ್ಮ ಖಚಿತ ಅಭಿಪ್ರಾಯ. ಸೀರೆಯ ಅಂಚು ನೇರ, ಅಂಬ್ರೆಲಾದ ಕೆಳಗೆರೆ ವೃತ್ತ. ಅಂಚನ್ನು ಕತ್ತರಿಸಿ ಬಗ್ಗಿಸಿ ಕೂರಿಸಲೇಬೇಕು, ಜರಿ ಬಗ್ಗದೆ ಸುಕ್ಕಾಗುತ್ತದೆ. ಮೇಲಾಗಿ ಓರೆಯಾಗಿ ಬರುವ ಬಟ್ಟೆ ತನ್ನ ಭಾರಕ್ಕೇ ಜಗ್ಗಿ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಅಂಚಿಲ್ಲದ ಸೀರೆಯಲ್ಲಿ ಮಾಡುವುದಾದರೆ ಸೊಂಟಪಟ್ಟಿ ಕೊಟ್ಟು ಒಂದು ದಿನ ತೂಗುಹಾಕಿ, ಆಮೇಲೆ ಕೆಳಗೆ ಸಮ ಮಾಡಿ ಮಡಿಸಿ.

ಲೈನಿಂಗ್‌ಗೆ ತೆಳು ಹತ್ತಿಯ ಮಲ್ ಬಟ್ಟೆಯೇ ಆಗಬೇಕು. ನಮ್ಮ ಸೆಕೆಗೆ ನೈಲಾನ್ ಜಾತಿಯದ್ದು ಮೈಗೆ ಅಂಟಿ ಮಕ್ಕಳು ಅರ್ಧ ಗಂಟೆಯಲ್ಲೇ ಬಿಚ್ಚಿಡುತ್ತಾರೆ. ಮಲ್ ಅನ್ನು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿಯೇ ಕತ್ತರಿಸಿ. ಇಲ್ಲದಿದ್ದರೆ ಅದು ಆಮೇಲೆ ಕುಗ್ಗಿ ರೇಷ್ಮೆಯನ್ನು ಮೇಲಕ್ಕೆಳೆಯುತ್ತದೆ. ಹಳೆಯ ರೇಷ್ಮೆಯ ರವಿಕೆ ಮೊದಲು ಬಿಡುವುದು ಕಂಕುಳಲ್ಲಿ ಮತ್ತು ಬೆನ್ನಲ್ಲಿ. ಅದಕ್ಕೆ ಲೈನಿಂಗನ್ನು ಸರಿಯಾದ ಅಳತೆಗೆ, ರೇಷ್ಮೆಯನ್ನು ಕಾಲಿಂಚು ಸಡಿಲಕ್ಕೆ ಕತ್ತರಿಸಿ, ಎರಡನ್ನೂ ಕೈಹೊಲಿಗೆಯಲ್ಲಿ ಸೇರಿಸಿಕೊಂಡು ಒಂದೇ ಬಟ್ಟೆಯಂತೆ ಹೊಲಿಯಿರಿ. ಆಗ ಎಳೆತವೆಲ್ಲ ಲೈನಿಂಗ್ ಮೇಲೆ. ಬದಿಯಲ್ಲಿ ಒಂದೊಂದು ಇಂಚು ಮಾರ್ಜಿನ್ ಬಿಡಲೇಬೇಕು.

ಮೆಷಿನ್‌ಗೆ 14 ನಂಬರಿನ ದಪ್ಪ ಸೂಜಿಯಿದ್ದರೆ ತೆಗೆದು ಹೊಸ 11ರ ಸಣ್ಣ ಸೂಜಿ ಹಾಕಿ. ಹೊಲಿಗೆ ತೀರಾ ಸಣ್ಣದಾದರೆ ಅಂಚೆಚೀಟಿಯ ತೂತುಗಳಂತೆ ಅದೇ ಸಾಲಿನಲ್ಲಿ ಹರಿಯುತ್ತದೆ, ಎರಡೂವರೆ ಮಿಲಿಮೀಟರ್ ಸರಿ. ಇಸ್ತ್ರಿ ಒಳಬದಿಯಿಂದ, ಮೇಲೆ ಬಿಳಿ ಹತ್ತಿ ಬಟ್ಟೆಯಿಟ್ಟು, ನೀರು ಚಿಮುಕಿಸದೆ. ರೇಷ್ಮೆಯಲ್ಲಿ ನೀರಿನ ಕಲೆ ಉಳಿಯುತ್ತದೆ, ಪ್ಲಾಸ್ಟಿಕ್ ಜರಿಯಾದರೆ ಬಿಸಿಗೆ ಮುರುಟುತ್ತದೆ.

ಕ್ರೈಸ್ತ ಕುಟುಂಬಗಳಲ್ಲಿ ಪ್ರಥಮ ಪರಮಪ್ರಸಾದದ ಫ್ರಾಕನ್ನು ಅಮ್ಮನ ಮದುವೆಯ ಬಿಳಿ ಸೀರೆಯಲ್ಲಿ ಹೊಲಿಸುವವರಿಗೂ ಒಂದು ಮಾತು: ಹಳದಿಯಾದ ರೇಷ್ಮೆಗೆ ಬ್ಲೀಚ್ ತಾಗಿಸಬೇಡಿ, ಎಳೆಯೇ ಸತ್ತುಹೋಗುತ್ತದೆ.

ಹಳೆ ಸೀರೆ ಬಿಚ್ಚಿ, ನೋಡಿ, ಅಳೆದು ಹೊಲಿಯುವುದಕ್ಕೆ ಹೊಸ ಬಟ್ಟೆಗಿಂತ ಹೆಚ್ಚು ಹೊತ್ತು ಬೇಕು. ಅದಕ್ಕೆ ತಕ್ಕ ಮಜೂರಿ ಕೊಡಲು ಗ್ರಾಹಕರು ಹಿಂದೆಮುಂದೆ ನೋಡಬಾರದು, ಹಬ್ಬಕ್ಕೆ ಒಂದು ತಿಂಗಳು ಮೊದಲೇ ಸೀರೆ ತಲುಪಿಸಬೇಕು. 1982ರಿಂದ ನಡೆಯುತ್ತಿರುವ ಉಜಿರೆಯ ರುಡ್‌ಸೆಟ್ ಸಂಸ್ಥೆಯಂಥ ತರಬೇತಿ ಕೇಂದ್ರಗಳು, ಊರೂರಿನ ಮಹಿಳಾ ಮಂಡಲಗಳು ಹೊಲಿಗೆ ಕಲಿಸುವಾಗ ಎರಡು ದಿನವನ್ನು ಹಳೆ ಸೀರೆಯ ಕೆಲಸಕ್ಕೇ ಮೀಸಲಿಡಲಿ ಎಂದು ವಿನಂತಿ.

– ಹೊಲಿಗೆ ಶಿಕ್ಷಕಿಯರು, ಉಡುಪಿ